ಮೂರನೇ ತೊಟ್ಟಿಲಿಂದ ನಾಲ್ಕಕ್ಕೆ

“ಮೊದಲು ನೀನು ಕೈ ತೊಳಿ,” ಎನ್ನುತ್ತ ಇಬ್ತಿಹಾಲ್ ನೀರಿನ ಚೊಂಬನ್ನು ತನ್ನತ್ತ ಎಳೆದುಕೊಂಡಳು.

ಉಮ್ಮ್ ಬದ್ರ್ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಕಫ್ರ್ ಸಾಬಿರ್ ಊರಿನಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೀಯಿಸಲು ಬರುವವಳು ಅವಳೇ. ಮೂವತ್ತು ವರ್ಷದಲ್ಲಿ ಯಾರೂ ಅವಳಿಗೆ ಈ ಮಾತು ಹೇಳಿರಲಿಲ್ಲ.

“ಹೆಣ ತೊಳೆಯೋಕೂ ಕೈ ತೊಳೀಬೇಕಾ? ಇನ್ನು ಇವಳಿಗೆ ಯಾವ ಕಾಯಿಲೆ ಅಂಟಿಸ್ಲಿ ನಾನು, ನೀನೇ ಹೇಳು.”

“ಮಿಸ್ ಇಂಶಿರಾಹ್ ಎದ್ದು ಕೂತಿದ್ರೆ ನಿನ್ನನ್ನ ಈ ಬಾಗಿಲು ದಾಟೋಕೆ ಬಿಡ್ತಿದ್ರಾ?”

“ಅದೂ ನಿಜವೇ,” ಎಂದು ಉಮ್ಮ್ ಬದ್ರ್ ನಕ್ಕುಬಿಟ್ಟಳು. “ಒಂದ್ಸಲ ಸಂತೇಲಿ ನಾನು ಟೊಮೇಟೊ ಆರಿಸ್ತಾ ಇದ್ದೆ. ಬಂದವಳೇ ನನ್ನ ಕೈ ಹಿಡ್ಕೊಂಡು ಉಗುರು ನೋಡಿದ್ಲು. ಎಲ್ಲರ ಮುಂದೆ! ಸತ್ತ ಮೇಲಾದ್ರೂ ಬಿಡ್ತಾಳೆ ಅಂದ್ಕೊಂಡಿದ್ದೆ. ನಿನ್ನ ಬಿಟ್ಟು ಹೋಗಿದ್ದಾಳಲ್ಲ.” ಗೊಣಗುತ್ತಲೇ ಅವಳು ಮೂಲೆಯ ನಲ್ಲಿಗೆ ಹೋದಳು, ಸೋಪು ಹಚ್ಚಿ ಮೊಣಕೈವರೆಗೂ ಉಜ್ಜಿದಳು.

ಹಲಗೆಯ ಮೇಲೆ, ಮೈಮೇಲೆ ಹೊದಿಸಿದ ಬಿಳಿ ಚಾದರದ ಕೆಳಗೆ, ಮಿಸ್ ಇಂಶಿರಾಹ್ ಮಲಗಿದ್ದರು. ಅರವತ್ತೇಳು ವರ್ಷ. ಬೆಳಗಿನ ನಮಾಜಿಗೆ ಏಳದಿದ್ದಾಗ ಮಗಳು ಹೋಗಿ ಮುಟ್ಟಿ ನೋಡಿದ್ದಳು. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ನರ್ಸಾಗಿ ದುಡಿದ ಜೀವ. ಅದರಲ್ಲಿ ಕೊನೆಯ ಏಳು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕಳೆದವು. ಯಾಕೆ ಎಂದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿದ್ದದ್ದು ಸುಳ್ಳು ಎಂದು ಬದುಕಿರುವವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವರಲ್ಲಿ ಇಬ್ತಿಹಾಲ್ ಒಬ್ಬಳು.

ಮಗಳು ಸಾಫಿನಾಜ್ ಬಾಗಿಲ ಸಂದಿಯಿಂದ ಕರ್ಪೂರದ ಪೊಟ್ಟಣ ಕೊಟ್ಟಳು. ಅತ್ತೂ ಅತ್ತೂ ಕಣ್ಣು ಬಾತುಕೊಂಡಿತ್ತು.

“ಇಬ್ತಿಹಾಲ್ ಅಕ್ಕಾ, ನೀವು ಬಂದದ್ದು ಒಳ್ಳೇದಾಯ್ತು. ಅಮ್ಮ ಚೀಟಿ ಬರೆದಿಟ್ಟಿದ್ಲು. ‘ನನ್ನ ಮೀಯಿಸೋಕೆ ಇಬ್ತಿಹಾಲ್ ಇರಲಿ, ಅವಳಿಗೆ ಕೈ ತೊಳೆಯೋಕೆ ಬರುತ್ತೆ’ ಅಂತ. ಸಾಯೋ ಕಾಲಕ್ಕೂ ಅದೇ ಜಪ ನೋಡಿ.” ಅವಳು ಮೂಗು ಒರೆಸಿಕೊಂಡಳು. “ಇನ್ನೊಂದು ಸಮಾಧಾನದ ಸುದ್ದಿ. ಬೆಳಿಗ್ಗೇನೇ ಮಾಮ ಹೋಗಿ ವಹ್ದಾನ್ ಡಾಕ್ಟರನ್ನ ಕಂಡು ಬಂದ್ರು. ಡಾಕ್ಟ್ರು ಬರ್ತಾರಂತೆ. ಹೆಣ ಎತ್ತೋ ಮುಂಚೆ ಎಲ್ಲರೆದುರು ಕ್ಷಮಿಸಿದ್ದೀನಿ ಅಂತಾರಂತೆ.”

ಇಬ್ತಿಹಾಲಳ ಕೈ ತಡೆಯಿತು. “ಏನನ್ನ ಕ್ಷಮಿಸ್ತಾರಂತೆ?”

“ಅದೇ ಅಕ್ಕ, ಅಮ್ಮ ಅವರ ಮೇಲೆ ಹೊರಿಸಿದ್ದ ಅಪವಾದ. ನಿಮಗೆ ಗೊತ್ತಿಲ್ವಾ, ಆವತ್ತು ಸಾಕ್ಷಿ ಹೇಳಿದ್ದು ನೀವೇ ತಾನೆ.”

ಆ ಮಾತಿನಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಇಬ್ತಿಹಾಲ್ ತಡೆದುಕೊಳ್ಳುತ್ತಿದ್ದಳೇನೋ. ಅವಳು ಕರ್ಪೂರವನ್ನು ನೀರಿಗೆ ಹಾಕಿ, ಕರಗುವವರೆಗೂ ತಲೆ ಎತ್ತದೆ ಕಲಕಿದಳು.

*

ಹದಿನಾಲ್ಕು ವರ್ಷದ ಹಿಂದೆ ಆ ಆಸ್ಪತ್ರೆಯಲ್ಲಿ ಕೈ ತೊಳೆಯುವ ಜ್ಞಾನಕ್ಕೇನೂ ಬರವಿರಲಿಲ್ಲ. ಗೋಡೆಗೋಡೆಗೂ ಚಿತ್ರ ಅಂಟಿಸಿದ್ದರು. ವರ್ಷಕ್ಕೊಮ್ಮೆ ಪರೀಕ್ಷೆ ಬೇರೆ. ಎಷ್ಟು ಹೊತ್ತು ಉಜ್ಜಬೇಕು, ಯಾವಾಗ ಯಾವಾಗ ತೊಳೆಯಬೇಕು ಎಂಬ ಇಪ್ಪತ್ತು ಪ್ರಶ್ನೆ. ಮಕ್ಕಳ ವಿಭಾಗದ ಮುಖ್ಯಸ್ಥ ವಹ್ದಾನ್ ಡಾಕ್ಟರಿಗೆ ಇಪ್ಪತ್ತಕ್ಕೆ ಇಪ್ಪತ್ತು ಬಂದಿತ್ತು. ಆಗಿನ್ನೂ ತಾತ್ಕಾಲಿಕ ನೌಕರಿಯಲ್ಲಿದ್ದ, ಇಪ್ಪತ್ತನಾಲ್ಕರ ಹುಡುಗಿ ಇಬ್ತಿಹಾಲಳಿಗೆ ಹತ್ತೊಂಬತ್ತು.

ಎಳೆಗೂಸುಗಳ ವಾರ್ಡಿನ ಹಿರಿಯ ನರ್ಸು ಮಿಸ್ ಇಂಶಿರಾಹ್‌ಗೆ ಮಾತ್ರ ಈ ಅಂಕಗಳ ಮೇಲೆ ನಂಬಿಕೆ ಇರಲಿಲ್ಲ. ಅವರು ಜಪಮಾಲೆ ಹಿಡಿದು ವಾರ್ಡಿನ ಮೂಲೆಯಲ್ಲಿ ಕೂರುತ್ತಿದ್ದರು. ಎಷ್ಟು ದೈವಭಕ್ತೆ ಎಂದು ಎಲ್ಲರೂ ಅಂದುಕೊಂಡಿದ್ದರು. ಒಂದು ಮಗುವನ್ನು ಮುಟ್ಟಿ ಇನ್ನೊಂದನ್ನು ಮುಟ್ಟುವ ಮುಂಚೆ ಕೈ ತೊಳೆದವರಿಗೆ ಒಂದು ಮಣಿ ಜಾರುತ್ತಿತ್ತು ಎಂಬುದು ತಿಂಗಳ ಕೊನೆಯ ಸಭೆಯಲ್ಲಿ ಬಯಲಾಯಿತು. “ಪರೀಕ್ಷೆಯಲ್ಲಿ ನೀವೆಲ್ಲ ನೂರಕ್ಕೆ ತೊಂಬತ್ತು,” ಎಂದರು ಅವರು. “ನಲ್ಲಿ ಹತ್ತಿರ ಇಪ್ಪತ್ತು.”

ನರ್ಸುಗಳು ಕೈಗೆ ಹಚ್ಚುವ ಸ್ಪಿರಿಟ್ಟಿನ ಸೀಸೆ ಮುಟ್ಟುತ್ತಿರಲಿಲ್ಲ. ಅದರಲ್ಲಿ ಮದ್ಯ ಇದೆ, ನಮಾಜು ಕೆಡುತ್ತದೆ ಎಂದು ಅಂಜಿಕೆ. ಮಿಸ್ ಇಂಶಿರಾಹ್ ಮಸೀದಿಯ ಧರ್ಮಗುರು ಶೇಖ್ ಅವರನ್ನೇ ವಾರ್ಡಿಗೆ ಕರೆತಂದರು, ಅವರ ಅಂಗೈಗೆ ಸ್ಪಿರಿಟ್ಟು ಸುರಿದು ಉಜ್ಜಿಸಿದರು. ಶೇಖ್ ಮೂಸಿ ನೋಡಿ, “ಇದನ್ನ ಕುಡಿಯೋ ಮೂರ್ಖ ಇನ್ನೂ ಹುಟ್ಟಿಲ್ಲ ಬಿಡಿ,” ಎಂದು ಹೇಳಿ, ಅದೇ ಕೈಯಲ್ಲಿ ಅಲ್ಲೇ ನಮಾಜಿಗೆ ನಿಂತರು. ಆಮೇಲೆ ಸೀಸೆಗಳು ಖಾಲಿಯಾಗತೊಡಗಿದವು.

ಆದರೆ ದೊಡ್ಡವರನ್ನು ಬಗ್ಗಿಸುವುದು ಹೇಗೆ?

ಆ ಚಳಿಗಾಲದ ಒಂದು ಮಧ್ಯಾಹ್ನ. ಮೂರನೇ ಗಾಜಿನ ತೊಟ್ಟಿಲಿನ ಮಗುವಿಗೆ ಜ್ವರ. ವಹ್ದಾನ್ ಡಾಕ್ಟರು ಅದರ ಹೊಟ್ಟೆ ಮುಟ್ಟಿ ನೋಡಿದರು, ಹೊಕ್ಕುಳ ಒತ್ತಿದರು, ನೇರ ನಾಲ್ಕನೇ ತೊಟ್ಟಿಲಿಗೆ ಕೈ ಚಾಚಿದರು.

“ಡಾಕ್ಟ್ರೇ, ಕೈ,” ಎಂದರು ಮಿಸ್ ಇಂಶಿರಾಹ್.

“ಈಗತಾನೆ ವುಜೂ ಮಾಡಿ, ಕೈಕಾಲು ಮುಖ ತೊಳೆದು ಬಂದಿದ್ದೀನಿ ಮಿಸ್. ನಮಾಜಿಗೆ ಶುದ್ಧವಾದ ಕೈ ಮಗುವಿಗೆ ಮೈಲಿಗೆಯಾ?”

“ವುಜೂ ದೇವರ ಮುಂದೆ ನಿಲ್ಲೋಕೆ. ಇದು ಈ ಮಗುವಿನ ಮುಂದೆ ನಿಲ್ಲೋಕೆ. ಅದೂ ಅಲ್ದೆ ವುಜೂ ಆದ ಮೇಲೆ ಆ ಮಗೂನ ಮುಟ್ಟಿದ್ರಲ್ಲ.”

ಡಾಕ್ಟರು ನಕ್ಕು ನಾಲ್ಕನೆಯ ಮಗುವಿನ ಬಾಯೊಳಗೆ ಬೆರಳಿಟ್ಟು ನೋಡಿದರು. ಅವರ ಬೆನ್ನಿಗೇ ಇಬ್ತಿಹಾಲ್ ಹೋದಳು. ಮೂರನೆಯದರ ಬಟ್ಟೆ ಬದಲಿಸಿದ ಗ್ಲೌಸಿನಲ್ಲೇ ನಾಲ್ಕನೆಯದಕ್ಕೆ ನಳಿಗೆಯಲ್ಲಿ ಹಾಲು ಹಾಕಿದಳು. ಗ್ಲೌಸು ಹಾಕಿದ್ದೇನೆ, ಇನ್ನು ಕೊಳೆ ಎಲ್ಲಿಂದ ಎಂಬುದು ಅವಳ ಲೆಕ್ಕ. ಹತ್ತೊಂಬತ್ತು ಅಂಕ ಬಂದಿದ್ದ ಪರೀಕ್ಷೆಯಲ್ಲಿ ಅವಳು ತಪ್ಪಿದ್ದ ಒಂದೇ ಪ್ರಶ್ನೆ ಅದು.

ನಾಲ್ಕು ದಿನದಲ್ಲಿ ಎರಡೂ ಮಕ್ಕಳು ಹೋದವು.

ಮಿಸ್ ಇಂಶಿರಾಹ್ ದೂರು ಬರೆದರು. ಜಿಲ್ಲೆಯಿಂದ ಮೂವರು ವಿಚಾರಣೆಗೆ ಬಂದರು. ಇಪ್ಪತ್ತಕ್ಕೆ ಇಪ್ಪತ್ತು ತೆಗೆದ ಮನುಷ್ಯ ಕೈ ತೊಳೆಯದೆ ಇರುತ್ತಾನೆಯೇ ಎಂದು ಅಂಕಪಟ್ಟಿ ಮುಂದಿಟ್ಟುಕೊಂಡು ಕೇಳಿದರು. ಅಲ್ಲಿದ್ದ ಇನ್ನೊಬ್ಬ ಸಾಕ್ಷಿ ಇಬ್ತಿಹಾಲ್. ಡಾಕ್ಟರು ತೊಳೆಯಲಿಲ್ಲ ಎಂದರೆ, ಮುಂದಿನ ಪ್ರಶ್ನೆ ‘ನೀನು ತೊಳೆದೆಯಾ?’ ಎಂದೇ ಬರುವುದು.

“ಡಾಕ್ಟರು ತೊಳೆದರು,” ಎಂದಳು. “ನಾನು ನೋಡಿದೆ.”

ವಾರದೊಳಗೆ ಅವಳ ನೌಕರಿ ಕಾಯಂ ಆಯಿತು. ಮಿಸ್ ಇಂಶಿರಾಹ್ ಒಗೆಯುವ ಕೋಣೆಗೆ ಇಳಿದರು.

*

ಮೂರನೆಯ ಸಲ ಕರ್ಪೂರದ ನೀರು ಹೊಯ್ದಾಯಿತು. ಉಮ್ಮ್ ಬದ್ರ್ ಕೂದಲು ಬಾಚಿ ಮೂರು ಜಡೆ ಹೆಣೆಯುತ್ತಿದ್ದಳು. ಇಬ್ತಿಹಾಲ್ ಮಿಸ್ಸಿನ ಬಲಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಬೆರಳ ಸಂದಿಗಳನ್ನು ಒರೆಸಿದಳು. ಅಂಗೈ ತುಂಬ ಬಿರುಕು. ಕ್ಲೋರಿನ್ನಿನ ಬಿಸಿನೀರು ತಿಂದುಹಾಕಿದ್ದ ಚರ್ಮ ನಿವೃತ್ತಿಯಾಗಿ ಏಳು ವರ್ಷವಾದರೂ ಕೂಡಿರಲಿಲ್ಲ. ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಪಿಂಚಣಿ ಕಚೇರಿಯ ಯಂತ್ರ ಈ ಹೆಬ್ಬೆಟ್ಟನ್ನು ಒಪ್ಪುವುದಿಲ್ಲವೆಂದು ಮಿಸ್ ತಾವೇ ಹೇಳಿಕೊಂಡು ನಗುತ್ತಿದ್ದರು.

“ನೋಡಮ್ಮ,” ಎಂದಳು ಉಮ್ಮ್ ಬದ್ರ್, ಅವಳ ಕಣ್ಣು ಹೋದಲ್ಲಿಗೆ ತಾನೂ ನೋಡಿ. “ಈ ಹಲಗೆ ಮೇಲೆ ಏನು ಕಂಡ್ರೂ ಹೊರಗೆ ಬಾಯಿ ಬಿಡಬಾರದು. ಕುಂದು ಕಂಡ್ರೆ ಮುಚ್ಚಬೇಕು, ಒಳ್ಳೇದು ಕಂಡ್ರೆ ಹೇಳಬಹುದು. ನಮ್ಮ ಕಸುಬಿನ ಕಟ್ಟು ಅದು.”

“ಇದು ಕುಂದಾ, ಒಳ್ಳೇದಾ?”

“ಯಾವುದು, ಈ ಬಿರುಕಾ?” ಉಮ್ಮ್ ಬದ್ರ್ ಯೋಚಿಸಿದಳು. “ಅದು ಯಾರಿಂದ ಬಂತು ಅನ್ನೋದರ ಮೇಲಿದೆ.”

ಇಬ್ತಿಹಾಲ್ ಆ ಕೈಯನ್ನು ಎದೆಯ ಮೇಲಿಟ್ಟು ಶವವಸ್ತ್ರದ ಅಂಚನ್ನು ಎಳೆದಳು.

*

ವಿಚಾರಣೆಯಾದ ತಿಂಗಳಿಗೆ ಅವಳು ಒಗೆಯುವ ಕೋಣೆಗೆ ಹೋಗಿದ್ದಳು. ಹಬೆಯಲ್ಲಿ ಮಿಸ್ಸಿನ ಮುಖ ಕೆಂಪಾಗಿತ್ತು. ದೊಡ್ಡ ಕೋಲಿನಿಂದ ಹೊದಿಕೆಗಳನ್ನು ತಿರುವುತ್ತಿದ್ದರು. ಅತ್ತು ಕಾಲು ಹಿಡಿಯಬೇಕೆಂದೇ ಬಂದಿದ್ದವಳು ಬಾಗಿಲಲ್ಲಿ ಕಂಬದಂತೆ ನಿಂತಳು.

“ಏನು, ಶುಭ್ರ ಬಟ್ಟೆ ಬೇಕಿತ್ತಾ?” ಎಂದರು ಮಿಸ್.

“ಮಿಸ್, ನಿಮ್ಮ ದೂರಿನಲ್ಲಿ... ನನ್ನ ಹೆಸರು ಇರಲಿಲ್ಲ. ನೀವು ನನ್ನನ್ನೂ ನೋಡಿದ್ರಿ.”

“ನೋಡಿದ್ದೆ.”

“ಮತ್ಯಾಕೆ ಬರೀಲಿಲ್ಲ?”

ಮಿಸ್ ಕೋಲನ್ನು ಗೋಡೆಗೆ ಒರಗಿಸಿದರು. “ಅವರು ಡಾಕ್ಟರು. ಬೈದರೂ ಕೆಲಸದಲ್ಲಿ ಉಳೀತಾರೆ. ನಿನ್ನನ್ನ ಒಂದೇ ದಿನದಲ್ಲಿ ಮನೆಗೆ ಕಳಿಸಿಬಿಡ್ತಿದ್ರು. ನಿನಗೆ ಈಗ ಗೊತ್ತಾಗಿದೆ, ಗೊತ್ತಾದವಳೊಬ್ಬಳು ವಾರ್ಡಿನಲ್ಲಿ ಇರಬೇಕು. ಅಷ್ಟೇ ಲೆಕ್ಕ ನನ್ನದು.” ಆಮೇಲೆ ಗಟ್ಟಿಯಾಗಿ, ಮಗಳನ್ನು ಗದರಿಸುವಂತೆ, “ಸುಳ್ಳು ಹೇಳಿದೆ. ಹೇಳಿ ಆಯ್ತು. ಈಗ ಅಳ್ತಾ ನಿಂತ್ರೆ ಮೇಲೆ ಮಗು ಹಸೀತಿರುತ್ತೆ. ಹೋಗು, ಹೋಗೋ ಮುಂಚೆ ಕೈ ತೊಳಕೊ,” ಎಂದರು.

ಅಂದಿನಿಂದ ಇಂದಿನವರೆಗೆ ಇಬ್ತಿಹಾಲ್ ಕೈ ತೊಳೆಯದ ದಿನವಿಲ್ಲ. ವಾರ್ಡಿನ ಮುಖ್ಯ ನರ್ಸೂ ಆದಳು. ಅವಳ ಕಣ್ಣು ತಪ್ಪಿಸಿ ಒಬ್ಬ ಆಯಾಳೂ ತೊಟ್ಟಿಲು ಮುಟ್ಟುವಂತಿರಲಿಲ್ಲ. ಒಬ್ಬರನ್ನು ಬಿಟ್ಟು. ವಹ್ದಾನ್ ಡಾಕ್ಟರು ಬಂದಾಗ ಅವಳು ಔಷಧದ ಕಪಾಟಿನ ಕಡೆ ತಿರುಗಿಕೊಂಡು ಸೀಸೆಗಳನ್ನು ಜೋಡಿಸುತ್ತಿದ್ದಳು. ಹದಿನಾಲ್ಕು ವರ್ಷ ಜೋಡಿಸಿದಳು. ತೊಳೆದರು ಎಂದು ಒಮ್ಮೆ ಹೇಳಿದ ಬಾಯಿ, ತೊಳೆಯಿರಿ ಎಂದು ಹೇಳುವುದು ಹೇಗೆ? ಈ ವಾರ ಮತ್ತೆ ಎರಡು ಮಕ್ಕಳಿಗೆ ಜ್ವರ ಬಂದಿತ್ತು.

*

ಓಣಿಯಲ್ಲಿ ಗಂಡಸರು ಸೇರಿದ್ದರು. ಕಹಿ ಕಾಫಿಯ ಲೋಟಗಳು ಒಬ್ಬರಿಂದೊಬ್ಬರಿಗೆ ಹೋಗುತ್ತಿದ್ದವು. ಚಟ್ಟದ ಪಕ್ಕದಲ್ಲಿ ಮಿಸ್ ಇಂಶಿರಾಹ್‌ರ ತಮ್ಮ ಹಾಜಿ ಬಯೂಮಿ ನಿಂತಿದ್ದರು. ಕಾಲುವೆಯ ತೂಬು ಕಾಯುತ್ತಿದ್ದವರು, ಗಟ್ಟಿ ಗಂಟಲು.

“ಅಣ್ಣತಮ್ಮಂದಿರಾ, ನನ್ನಕ್ಕನ ನಾಲಿಗೆ ಖಾರ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಯಾರ ಮನಸ್ಸನ್ನಾದ್ರೂ ನೋಯಿಸಿದ್ರೆ ಇವತ್ತು ಬಿಟ್ಟುಬಿಡಿ. ಆ ಸಿಟ್ಟು ಅವಳ ಮಣ್ಣಿನ ತನಕ ಬರೋದು ಬೇಡ.”

“ಬಿಟ್ಟೆವು, ದೇವರು ಕ್ಷಮಿಸಲಿ,” ಎಂದು ಗುಂಪು ಗುನುಗಿತು.

ವಹ್ದಾನ್ ಡಾಕ್ಟರು ಮುಂದೆ ಬಂದರು. ಇಸ್ತ್ರಿ ಮಾಡಿದ ಬೂದು ಕೋಟು, ನರೆತ ಗಡ್ಡ. ದುಃಖವೂ ಮರ್ಯಾದೆಯೂ ಹದವಾಗಿ ಬೆರೆತ ದನಿ.

“ನಿಮಗೆಲ್ಲ ಗೊತ್ತಿರೋ ವಿಷಯವೇ. ಹದಿನಾಲ್ಕು ವರ್ಷದ ಹಿಂದೆ ಈಕೆ ನನ್ನ ಮೇಲೊಂದು ಅಪವಾದ ಹೊರಿಸಿದ್ರು. ಎರಡು ಮಕ್ಕಳ ಪ್ರಾಣದ ಅಪವಾದ. ಅದು ಸುಳ್ಳು ಅಂತ ಸಾಬೀತಾಯ್ತು. ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ದೇವರ ಹೆಸರಲ್ಲಿ, ಪೂರಾ ಕ್ಷಮಿಸಿದ್ದೀನಿ.”

ಹಾಜಿ ಬಯೂಮಿ ಎರಡೂ ಕೈಯಿಂದ ಡಾಕ್ಟರ ಕೈ ಹಿಡಿದುಕೊಂಡರು. ಆ ಮುದುಕನ ಕಣ್ಣಲ್ಲಿ ಕೃತಜ್ಞತೆಯ ನೀರು ಬಾಗಿಲಲ್ಲಿ ನಿಂತಿದ್ದ ಇಬ್ತಿಹಾಲಳಿಗೂ ಕಂಡಿತು. ತನ್ನ ಸುಳ್ಳಿಗೆ ಈ ಮನೆಯವರು ಕೃತಜ್ಞರಾಗಿ ಬಾಗಬೇಕೇ? ಈಗ ಹೇಳದಿದ್ದರೆ ಚಟ್ಟ ಎತ್ತುತ್ತಾರೆ. ಎತ್ತಿದ ಮೇಲೆ ಮಿಸ್ ಇಂಶಿರಾಹ್ ಎಂದೆಂದಿಗೂ ಕ್ಷಮೆ ಪಡೆದ ಸುಳ್ಳುಗಾರ್ತಿ.

ಹೆಂಗಸರು ಹೊಸ್ತಿಲ ಒಳಗೇ ನಿಲ್ಲುವುದು ರೂಢಿ. ಅವಳು ಹೊಸ್ತಿಲು ದಾಟಿದಳು, ಮೆಟ್ಟಿಲಿಳಿದಳು, ಚಟ್ಟದ ಹತ್ತಿರ ಬಂದು ನಿಂತಳು.

“ಮಿಸ್ಸಿಗೆ ಕ್ಷಮೆ ಬೇಡ. ಅವರು ಹೇಳಿದ್ದು ನಿಜ.”

ಲೋಟಗಳ ಸದ್ದು ನಿಂತಿತು.

“ಸುಳ್ಳು ಹೇಳಿದವಳು ನಾನು. ಡಾಕ್ಟ್ರು ಆವತ್ತು ಕೈ ತೊಳೀಲಿಲ್ಲ. ಮೂರನೇ ತೊಟ್ಟಿಲಿಂದ ನೇರ ನಾಲ್ಕಕ್ಕೆ ಹೋದ್ರು. ವುಜೂ ಇದೆ ಅಂದ್ರು.” ಅವಳು ಚಟ್ಟದ ಅಂಚನ್ನು ಹಿಡಿದುಕೊಂಡಳು. “ಅವರ ಹಿಂದೆ ನಾನು ಹೋದೆ. ನಾನೂ ತೊಳೀಲಿಲ್ಲ. ಗ್ಲೌಸೂ ಬದಲಾಯಿಸ್ಲಿಲ್ಲ. ಯಾರ ಕೈಯಿಂದ ಹೋಯ್ತೋ ಆ ಮಗು, ದೇವರಿಗೇ ಗೊತ್ತು. ಮಿಸ್ ಇಬ್ಬರನ್ನೂ ನೋಡಿದ್ರು. ಹೊಸ ಹುಡುಗಿ ಅಂತ ನನ್ನ ಹೆಸರು ಬರೀಲಿಲ್ಲ. ನಾನು ಅವರನ್ನ ಬಟ್ಟೆ ಒಗೆಯೋಕೆ ಕಳಿಸಿದೆ. ಈಗ ಆ ಕೈಗಳನ್ನ ತೊಳೆದು ಬಂದಿದ್ದೀನಿ. ಹೇಳಬಹುದು ಅಂತಿದ್ರೆ ಹೇಳ್ತೀನಿ, ಆ ಬಿರುಕೆಲ್ಲ ನನ್ನಿಂದ ಬಂದದ್ದು.”

“ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಈಕೆಗೆ,” ಎಂದರು ಡಾಕ್ಟರು. “ಯಾರಾದ್ರೂ ಒಳಗೆ ಕರ್ಕೊಂಡು ಹೋಗಿ, ನೀರು ಕೊಡಿ.”

ಬಾಗಿಲಲ್ಲಿ ಉಮ್ಮ್ ಬದ್ರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಬೆಳಿಗ್ಗೆಯಿಂದ ಜೊತೇಲಿದ್ದೀನಿ. ಇವಳ ತಲೆ ಸರಿಯಾಗೇ ಇದೆ. ನನ್ನ ಕೈಯನ್ನೇ ಎರಡು ಸಲ ತೊಳೆಸಿದ್ದಾಳೆ!”

ಯಾರೂ ನಗಲಿಲ್ಲ. ಸಾಫಿನಾಜ್ ಜನರನ್ನು ಸರಿಸಿಕೊಂಡು ಬಂದಳು. ಇಬ್ತಿಹಾಲಳ ಮುಖವನ್ನೇ ನೋಡಿದಳು.

“ಹದಿನಾಲ್ಕು ವರ್ಷ,” ಎಂದಳು. “ಪ್ರತಿ ಹಬ್ಬಕ್ಕೂ ನೀನು ನಮ್ಮನೇಲಿ ಉಂಡೆ. ಅಮ್ಮನೇ ಬಡಿಸ್ತಾ ಇದ್ಲು. ನಾನು... ನಾನು ಅಮ್ಮನ್ನೇ ಬೈದೆ ಕಣೇ. ಯಾಕಮ್ಮ ಸುಳ್ಳು ದೂರು ಕೊಟ್ಟೆ, ನಮ್ಮ ಮರ್ಯಾದೆ ಕಳೆದೆ ಅಂತ. ಅವಳು ಸುಮ್ಮನಿದ್ಲು.” ಅವಳ ಕೈ ಹೊಡೆಯಲು ಎದ್ದದ್ದು ಅರ್ಧಕ್ಕೇ ನಿಂತಿತು. ಚಟ್ಟದ ಕಡೆ ತಿರುಗಿ, ಹಸಿರು ಹೊದಿಕೆಯ ಮೇಲೆ ಬಿದ್ದು ಗೊಳೋ ಎಂದು ಅತ್ತಳು. ಇಬ್ತಿಹಾಲ್ ಸಮಾಧಾನ ಮಾಡಲು ಹೋಗಲಿಲ್ಲ. ಆ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹಾಜಿ ಬಯೂಮಿ ಡಾಕ್ಟರ ಕೈಯನ್ನು ಯಾವಾಗಲೋ ಬಿಟ್ಟಿದ್ದರು.

“ಡಾಕ್ಟ್ರೇ, ಈಗ ಈ ಚಟ್ಟದ ಮುಂದೆ ಕ್ಷಮೆ ಕೇಳಬೇಕಾದವರು ಯಾರು?”

ಉತ್ತರಕ್ಕೆ ಬಯೂಮಿ ಕಾಯಲಿಲ್ಲ. ದೇವರ ಹೆಸರು ಹೇಳಿ ಮುಂದಿನ ತುದಿಗೆ ಹೆಗಲು ಕೊಟ್ಟರು. ಉಳಿದವರೂ ಅದನ್ನೇ ಕೂಗುತ್ತ ಎತ್ತಿಕೊಂಡರು. ಹೆಗಲು ಕೊಡಲು ಡಾಕ್ಟರು ಒಂದು ಹೆಜ್ಜೆ ಮುಂದಿಟ್ಟರು, ಆದರೆ ಅಷ್ಟರಲ್ಲಿ ಎಲ್ಲ ಕಡೆಯೂ ಹೆಗಲುಗಳು ತುಂಬಿಬಿಟ್ಟಿದ್ದವು.

*

ನಾಲ್ಕು ಗಂಟೆಯ ಪಾಳಿಗೆ ಇಬ್ತಿಹಾಲ್ ಆಸ್ಪತ್ರೆಗೆ ಹೋದಳು. ಇವತ್ತಾದರೂ ರಜೆ ಹಾಕು ಎಂದು ಜೊತೆಯವರು ಫೋನು ಮಾಡಿದರು. ಜ್ವರದ ಎರಡು ಮಕ್ಕಳನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂದಳು. ಹೊಟ್ಟೆಯಲ್ಲಿ ಅನ್ನವಿಲ್ಲದಿದ್ದರೂ ನಡಿಗೆ ಹಗುರಾಗಿತ್ತು.

ಕಫ್ರ್ ಸಾಬಿರ್‌ನಲ್ಲಿ ಮಾತು ಸೈಕಲ್ಲಿಗಿಂತ ಬೇಗ ಹೋಗುತ್ತದೆ. ವಾರ್ಡಿನಲ್ಲಿ ಹಾಲೂಡಿಸಲು ಬಂದು ಕೂತಿದ್ದ ತಾಯಂದಿರು ಅವಳು ಒಳಗೆ ಬಂದಾಗ ಪಿಸುಮಾತು ನಿಲ್ಲಿಸಿದರು. ಅವಳು ಯಾರ ಮುಖವನ್ನೂ ನೋಡದೆ ಕೈ ತೊಳೆದು, ಮೂರನೇ ತೊಟ್ಟಿಲಿನ ಮಗುವಿನ ಜ್ವರ ನೋಡಿ ಕಾಗದದಲ್ಲಿ ಬರೆದಳು.

ಐದಕ್ಕೆ ಸರಿಯಾಗಿ ವಹ್ದಾನ್ ಡಾಕ್ಟರು ಬಂದರು. ಬಾಗಿಲಲ್ಲೇ ತಗ್ಗಿದ ದನಿಯಲ್ಲಿ, “ನಾಳೆ ಬೆಳಿಗ್ಗೆ ನಿನ್ನ ವರ್ಗಾವಣೆ ಕಾಗದ ಬರುತ್ತೆ. ಬಟ್ಟೆ ಒಗೆಯೋ ಕೋಣೆ ಖಾಲಿ ಇದೆ,” ಎಂದರು.

“ಬರಲಿ ಡಾಕ್ಟ್ರೇ. ನಾಳೆ ತನಕ ಈ ವಾರ್ಡು ನನ್ನದು. ಕೈ.”

ಅವರು ಕೇಳಿಸದವರಂತೆ ಮೂರನೇ ತೊಟ್ಟಿಲಿಗೆ ಹೋಗಿ ಮಗುವಿನ ಎದೆ ಮುಟ್ಟಿ ನೋಡಿದರು. ನಾಲ್ಕನೆಯದಕ್ಕೆ ತಿರುಗಿದರು.

ಅದರ ಮುಂದೆ ಮಗುವಿನ ತಾಯಿ ಎದ್ದು ನಿಂತಿದ್ದಳು. ರೊಟ್ಟಿ ಸುಡುವವರ ಮನೆಯ ಎಳೆಯ ಹುಡುಗಿ, ಬಾಣಂತಿ. ಅವಳ ಪಕ್ಕದವಳೂ ಎದ್ದು ತನ್ನ ತೊಟ್ಟಿಲಿಗೆ ಅಡ್ಡ ನಿಂತಳು. ಆಮೇಲೆ ಇನ್ನೊಬ್ಬಳು. ಯಾರೂ ಡಾಕ್ಟರ ಮುಖ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಅವರ ಕೈ ಮೇಲೆ.

ಡಾಕ್ಟರು ಕೈಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟರು. ಕೊನೆಗೆ ನಲ್ಲಿಯ ಹತ್ತಿರ ಹೋಗಿ ಕೋಟಿನ ತೋಳು ಮಡಚಿದರು. ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರ ತುದಿ, ಯಾವುದನ್ನೂ ಬಿಡದೆ ತಿಕ್ಕಿದರು. ಎಲ್ಲವೂ ಗೊತ್ತಿದ್ದ ಕೈ ಅದು.

ಆದರೂ ನಾಲ್ಕನೆಯ ಮಗುವಿನ ತಾಯಿ ಕದಲಲಿಲ್ಲ. ಅವಳು ಈಗ ಇಬ್ತಿಹಾಲಳ ಕಡೆ ತಿರುಗಿದ್ದಳು.

“ನೀವೂ, ಮಿಸ್,” ಎಂದಳು ಅಂಜುತ್ತ. “ನೀವೂ ಆ ಮಗೂನ ಮುಟ್ಟಿದ್ರಿ.”

ಇಬ್ತಿಹಾಲ್ ತೋಳು ಏರಿಸಿಕೊಂಡು ನಲ್ಲಿಗೆ ನಡೆದಳು. ಡಾಕ್ಟರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಒಂದೇ ನೀರಿನ ಕೆಳಗೆ ಇಬ್ಬರೂ ಕೈಯೊಡ್ಡಿ ನಿಂತರು, ತೊಟ್ಟಿಲುಗಳ ಮುಂದೆ ನಿಂತ ಹೆಂಗಸರು ಕಣ್ಣು ಕೀಳದೆ ನೋಡುತ್ತಿದ್ದರು.